ಯೇವಲಾ ದಾಟಿದ ಮೇಲಿನ ನಲವತ್ತು ನಿಮಿಷ

ಆ ಸೋಮವಾರ ಬೆಳಿಗ್ಗೆ 8 ಗಂಟೆ 12 ನಿಮಿಷಕ್ಕೆ ಯೇವಲಾ ಊರು ದಾಟಿದ ಮೇಲೆ ಒಂದು ಟಪರಿಯಲ್ಲಿ ನಾನು ಚಹಾ ಕುಡಿದಿದ್ದೇನೆ. 20 ರೂಪಾಯಿ ಯುಪಿಐ ಮಾಡಿದ್ದೇನೆ. 8.14ಕ್ಕೆ ಊರಿನಿಂದ ಅಪ್ಪನ ಫೋನ್ ಬಂದಿದೆ. ಹದಿನಾಲ್ಕು ನಿಮಿಷ ಮಾತಾಡಿದ್ದೇನೆ. 8.50ರ ಸುಮಾರಿಗೆ ವೈಜಾಪುರದ ಕಡೆ ಹೋಗುವಾಗ, ಈರುಳ್ಳಿ ಟ್ರ್ಯಾಕ್ಟರಿನಿಂದ ಉದುರಿದ್ದ ಸಿಪ್ಪೆಯ ಮೇಲೆ ಬೈಕು ಜಾರಿ ಬಿದ್ದಿದ್ದೇನೆ. ಇವೆಲ್ಲ ನನಗೆ ನೆನಪಿರುವ ಸಂಗತಿಗಳಲ್ಲ, ನನ್ನ ಮೊಬೈಲಿಗೆ ನೆನಪಿರುವಂಥವು. ನನಗೆ ನೆನಪಿರುವುದು ವಿಂಚೂರಿನ ಹತ್ತಿರ ಸಾಲಾಗಿ ನಿಂತಿದ್ದ ಟ್ರ್ಯಾಕ್ಟರುಗಳು, ಯೇವಲಾದಲ್ಲಿ ಒಂದು ಪೈಠಣಿ ಸೀರೆ ಅಂಗಡಿಯ ಗುಲಾಬಿ ಬಣ್ಣದ ಬೋರ್ಡು. ಅದಾದ ಮೇಲೆ ನೇರವಾಗಿ ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯ ಟ್ಯೂಬ್‌ಲೈಟು. ನಡುವೆ ಏನೂ ಇಲ್ಲ. ಕತ್ತಲೆಯೂ ಇಲ್ಲ. ಸಿನಿಮಾದಲ್ಲಿ ಒಂದು ದೃಶ್ಯ ಕತ್ತರಿಸಿ ಅಂಟಿಸಿದ ಹಾಗೆ.

ಹೆಲ್ಮೆಟ್ ಇತ್ತು, ಬದುಕಿದೆ. ಭುಜದ ಮೂಳೆ ಬಿರುಕು ಬಿಟ್ಟಿತ್ತು, ಸ್ಕ್ಯಾನಿನಲ್ಲಿ ತಲೆಗೇನೂ ಆಗಿರಲಿಲ್ಲ. ಒಂಬತ್ತು ವರ್ಷದಿಂದ ನಾಸಿಕದಲ್ಲಿದ್ದೇನೆ, ವಾಳೂಜ್ ಎಂಐಡಿಸಿಯ ಕಾರ್ಖಾನೆಗಳ ಸಾಫ್ಟ್‌ವೇರ್ ನೋಡಿಕೊಳ್ಳಲು ತಿಂಗಳಿಗೆರಡು ಸಲ ಆ ರಸ್ತೆಯಲ್ಲಿ ಓಡಾಡುತ್ತೇನೆ, ಮರಾಠಿ ಸಲೀಸು. ಆದರೆ ಅವತ್ತು ಎಚ್ಚರವಾದಾಗ ಸಿಸ್ಟರ್ ಹತ್ತಿರ ಅರ್ಧ ಗಂಟೆ ಬರೀ ಕನ್ನಡ ಮಾತಾಡಿದೆನಂತೆ. ಪಾಪ, ಆಕೆ ಎಲ್ಲದಕ್ಕೂ 'ಹೋ, ಹೋ' ಎಂದರಂತೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎರಡು ವಾರದ ನಂತರ ಅಪ್ಪ ಮತ್ತೆ ಫೋನ್ ಮಾಡಿ, 'ಹಾಗಾದರೆ ಗುಡ್ಡದ್ದು ಮುಂದುವರಿಸ್ತೆ ಮಗಾ, ಅಡ್ವಾನ್ಸ್ ತಕಂಡಾಗಿದೆ' ಅಂದರು. ನಾನು ಯಾವ ಗುಡ್ಡ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. 'ಗೇರು ಗುಡ್ಡ ಮಾರೋಕೆ ನೀನೇ ಹೂಂ ಅಂದಿದ್ದೆಯಲ್ಲೋ ಮಾರಾಯ, ಆ ದಿನ ಬೀಳೋ ಮೊದಲು!'

ಕುಮಟಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮನೆ ಹಿಂದೆ ಎರಡು ಎಕರೆ ಗೇರು ಗುಡ್ಡ ಇದೆ. ಅದನ್ನು ಮಾರುವುದು ಬೇಡ ಎಂದು ನಾಲ್ಕು ವರ್ಷದಿಂದ ಹೇಳಿಕೊಂಡು ಬಂದವನು ನಾನು. ಹದಿನಾಲ್ಕು ನಿಮಿಷದಲ್ಲಿ ಹೇಗೆ ಒಪ್ಪಿದೆ? ಒಪ್ಪಿದೆನೋ ಇಲ್ಲವೋ? ಅಪ್ಪ ಸುಳ್ಳು ಹೇಳುವವರಲ್ಲ, ಆದರೆ ಎಪ್ಪತ್ತನಾಲ್ಕು ವರ್ಷ ಆಯಿತು. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಕೇಳಿಸಿದ್ದು ಅಪ್ಪನ ಕಡೆಯ ಮಾತು ಮಾತ್ರ: 'ಹಾಗಾದರೆ ಆಯ್ತು ಮಗಾ.' ಏನು ಆಯ್ತು, ಅದು ಅಮ್ಮನಿಗೂ ಗೊತ್ತಿಲ್ಲ.

ಡಾಕ್ಟರನ್ನು ಕೇಳಿದೆ: ಆ ನಲವತ್ತು ನಿಮಿಷ ವಾಪಸು ಬರುತ್ತದೆಯೇ? ಅವರು ನಕ್ಕು, 'ಅದು ಕಳೆದುಹೋಗಿಲ್ಲ, ಬರೆದುಕೊಂಡೇ ಇರಲಿಲ್ಲ' ಅಂದರು. ನಾನು ಎಂ.ಟೆಕ್ ಮಾಡಿದವನು, ಅದೂ ಕಂಪ್ಯೂಟರಿನಲ್ಲಿ. ಹನ್ನೆರಡನೇ ತರಗತಿಯ ನಂತರ ಬಯಾಲಜಿ ಮುಟ್ಟಿಲ್ಲ. ಆದರೆ ಈ ಒಂದು ವಾಕ್ಯ ನನಗೆ ತಟ್ಟನೆ ಅರ್ಥವಾಯಿತು. ಡೇಟಾಬೇಸಿನಲ್ಲಿ ಕಮಿಟ್ ಆಗುವ ಮೊದಲು ಕರೆಂಟು ಹೋದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಆರು ವಾರ ಮನೆಯಲ್ಲಿ ಕೂತಾಗ, ಮೆದುಳಿನಲ್ಲಿ ಈ ಕಮಿಟ್ ಎಂಬುದನ್ನು ಯಾರು ಮಾಡುತ್ತಾರೆ ಎಂದು ಹುಡುಕಿಕೊಂಡು ಹೋದೆ.

ಹೊಸ ನೆನಪು ಗಟ್ಟಿಯಾಗಲು ಸಮಯ ಬೇಕು ಎಂಬ ಮಾತು ಹಳೆಯದು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೊ 1881ರಲ್ಲೇ ಬರೆದಿದ್ದ. 1900ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಪಿಲ್ಜೆಕರ್, ಕಲಿತ ಕೆಲವು ನಿಮಿಷಗಳ ಒಳಗೆ ಬೇರೇನಾದರೂ ತಲೆಗೆ ತುಂಬಿದರೆ ಕಲಿತದ್ದು ಕೆಡುತ್ತದೆ ಎಂದು ತೋರಿಸಿದರು. 1960ರ ದಶಕದಲ್ಲಿ ಅಮೆರಿಕದ ಅಗ್ರಾನಾಫ್ ಗೋಲ್ಡ್ ಫಿಶ್‌ಗಳಿಗೆ ಒಂದು ಪಾಠ ಕಲಿಸಿ, ಕಲಿಸಿದ ಕೂಡಲೇ ಪ್ರೋಟೀನ್ ತಯಾರಿಕೆ ನಿಲ್ಲಿಸುವ ಔಷಧ ಚುಚ್ಚಿದರು. ಮೀನುಗಳು ಕೆಲ ದಿನ ಬಿಟ್ಟು ಎಲ್ಲ ಮರೆತಿದ್ದವು. ಅದೇ ಔಷಧವನ್ನು ಒಂದು ಗಂಟೆ ತಡವಾಗಿ ಕೊಟ್ಟರೆ ನೆನಪು ಹಾಗೇ ಇತ್ತು. ಅಂದರೆ ನೆನಪು ಗಟ್ಟಿಯಾಗಲು ಹೊಸ ಪ್ರೋಟೀನ್ ಬೇಕು, ಅದೂ ಆಗಲೇ ಬೇಕು.

ಹೊಸ ಪ್ರೋಟೀನ್ ಬೇಕೆಂದರೆ ಜೀನ್ ಚಾಲೂ ಆಗಬೇಕು. ಇಲ್ಲಿಗೆ ಕಥೆ ಒಬ್ಬ ವಲಸಿಗನ ಕೈಗೆ ಬರುತ್ತದೆ. ಎರಿಕ್ ಕ್ಯಾಂಡಲ್ ಹುಟ್ಟಿದ್ದು ವಿಯೆನ್ನಾದಲ್ಲಿ, 1929ರಲ್ಲಿ. ಒಂಬತ್ತನೇ ಹುಟ್ಟುಹಬ್ಬಕ್ಕೆ ಒಂದು ಆಟದ ಕಾರು ಸಿಕ್ಕಿತ್ತು. ಅದಾಗಿ ಎರಡು ದಿನಕ್ಕೆ ನಾಜಿಗಳು ಬಾಗಿಲು ಬಡಿದರು. ಯಹೂದಿ ಕುಟುಂಬ ಮರುವರ್ಷ ಅಮೆರಿಕಕ್ಕೆ ಓಡಿತು. ಆ ಎರಡು ದಿನಗಳ ನೆನಪು ಅಷ್ಟು ಆಳವಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆಯೇ ತನ್ನನ್ನು ಈ ದಾರಿಗೆ ತಂದಿತು ಎಂದು ಆತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಕ್ಯಾಂಡಲ್ ಆರಿಸಿಕೊಂಡದ್ದು ಅಪ್ಲಿಸಿಯಾ ಎಂಬ ಕಡಲ ಬಸವನಹುಳುವನ್ನು. ಅದಕ್ಕಿರುವುದು ಸುಮಾರು 20,000 ನರಕೋಶ, ಒಂದೊಂದೂ ದಪ್ಪ. ಬಾಲಕ್ಕೆ ಒಂದು ಸಲ ಶಾಕ್ ಕೊಟ್ಟರೆ ಹುಳು ಕೆಲವು ನಿಮಿಷ ಎಚ್ಚರವಾಗಿರುತ್ತದೆ, ಆಮೇಲೆ ಮರೆಯುತ್ತದೆ. ಬಿಟ್ಟು ಬಿಟ್ಟು ಐದು ಸಲ ಕೊಟ್ಟರೆ ದಿನಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮೊದಲನೆಯದರಲ್ಲಿ ಕೋಶದಲ್ಲಿ ಇದ್ದ ಸಾಮಗ್ರಿಯಲ್ಲೇ ಸಣ್ಣ ಹೊಂದಾಣಿಕೆ. ಎರಡನೆಯದರಲ್ಲಿ ಸಂದೇಶ ಕೋಶದ ಕೇಂದ್ರಕ್ಕೇ ಹೋಗಿ, ಅಲ್ಲಿ ಜೀನ್‌ಗಳನ್ನು ಎಬ್ಬಿಸಿ, ನರಕೋಶಗಳ ನಡುವೆ ಹೊಸ ಬೆಸುಗೆಗಳನ್ನೇ ಹುಟ್ಟಿಸುತ್ತದೆ.

ಆ ಎಬ್ಬಿಸುವವನ ಹೆಸರು ಕ್ರೆಬ್. ಇದೊಂದು ಪ್ರೋಟೀನ್, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಜಾತಿಯದು. ನಮ್ಮ ಪ್ರತಿ ಕೋಶದಲ್ಲೂ ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳಿವೆ, ಆದರೆ ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಯಾವುದು ಯಾವಾಗ ಓಡಬೇಕು ಎಂದು ನಿರ್ಧರಿಸುವ ಮೇಸ್ತ್ರಿಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಕ್ರೆಬ್ ಗುರುತಿಸುವುದು ಡಿಎನ್‌ಎಯ ಎಂಟು ಅಕ್ಷರದ ಒಂದು ವಿಳಾಸವನ್ನು: ಟಿ, ಜಿ, ಎ, ಸಿ, ಜಿ, ಟಿ, ಸಿ, ಎ. ಚಂದ ಏನೆಂದರೆ ಡಿಎನ್‌ಎಯ ಎದುರಿನ ಎಳೆಯನ್ನು ತಿರುಗಿಸಿ ಓದಿದರೂ ಇದೇ ಎಂಟು ಅಕ್ಷರ. ಕ್ರೆಬ್ ಕೂಡ ಜೋಡಿಯಾಗಿಯೇ ಬಂದು, ಇಕ್ಕಳದ ಎರಡು ಕಾಲುಗಳಂತೆ ಎರಡೂ ಕಡೆಯಿಂದ ಹಿಡಿಯುತ್ತದೆ. ಆದರೆ ಹಿಡಿದು ಕೂತರೆ ಸಾಲದು. ನರಕೋಶಕ್ಕೆ ಗಟ್ಟಿ ಸಂದೇಶ ಬಂದಾಗ, ಒಳಗೆ ಕ್ಯಾಲ್ಸಿಯಂ ನುಗ್ಗಿ, ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಏರಿ, ಕೊನೆಗೆ ಕ್ರೆಬ್‌ನ 133ನೇ ಕೊಂಡಿಗೆ ಒಂದು ಫಾಸ್ಫೇಟ್ ಅಂಟಬೇಕು. ಆಗ ಮಾತ್ರ ಸ್ವಿಚ್ ಆನ್. ನಮ್ಮ ಕೆಲಸದಲ್ಲಿ ಕೋಡ್ ಸರ್ವರಿನ ಮೇಲೆ ಕೂತಿರುತ್ತದೆ, ಒಂದು ಫ್ಲ್ಯಾಗ್ ಬದಲಿಸುವ ತನಕ ಓಡುವುದಿಲ್ಲ, ಹಾಗೆ.

1990ರಲ್ಲಿ ಕ್ಯಾಂಡಲ್ ಗುಂಪು ಒಂದು ಜಾಣ ಕೆಲಸ ಮಾಡಿತು. ಆ ಎಂಟಕ್ಷರದ ವಿಳಾಸವಿರುವ ನಕಲಿ ಡಿಎನ್‌ಎ ತುಂಡುಗಳನ್ನು ಕೋಶದ ಕೇಂದ್ರಕ್ಕೆ ಸುರಿದರು. ಕ್ರೆಬ್ ಹೋಗಿ ನಕಲಿ ವಿಳಾಸಗಳಿಗೆ ಅಂಟಿಕೊಂಡಿತು. ತತ್ಕ್ಷಣದ ನೆನಪಿಗೆ ಏನೂ ಆಗಲಿಲ್ಲ, ಉಳಿಯುವ ನೆನಪು ಹುಟ್ಟಲೇ ಇಲ್ಲ. 1995ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಕ್ರೆಬ್‌ನ ಪಕ್ಕದಲ್ಲೇ ಅದನ್ನು ತಡೆಯುವ ಇನ್ನೊಂದು ಪ್ರೋಟೀನ್ ಕೂತಿರುತ್ತದೆ. ಅದನ್ನು ಸುಮ್ಮನಾಗಿಸಿದರೆ ಐದು ಪೆಟ್ಟು ಬೇಕಾದಲ್ಲಿ ಒಂದೇ ಸಾಕು. ಮರೆವಿಗೂ ಒಬ್ಬ ಕಾವಲುಗಾರ ಇದ್ದಾನೆ ಎಂದಾಯಿತು. ಎಲ್ಲ ನೆನಪಿಟ್ಟುಕೊಂಡರೆ ಮನುಷ್ಯ ಬದುಕುವುದು ಹೇಗೆ? ಕ್ಯಾಂಡಲ್‌ಗೆ 2000ದಲ್ಲಿ ನೊಬೆಲ್ ಬಂತು.

ನನ್ನ ವಿಷಯಕ್ಕೆ ಹತ್ತಿರವಾದದ್ದು 1994ರ ಇಲಿಗಳು. ಆಲ್ಸಿನೋ ಸಿಲ್ವಾ ಮತ್ತು ಸಂಗಡಿಗರು ಕ್ರೆಬ್ ಕೆಡಿಸಿದ ಇಲಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಅರ್ಧ ಗಂಟೆ ಬಿಟ್ಟು ಅದೇ ಪೆಟ್ಟಿಗೆಗೆ ಬಿಟ್ಟಾಗ ಇಲಿಗಳು ಹೆದರಿ ಮರಗಟ್ಟಿ ನಿಂತವು. ಎಲ್ಲ ಸರಿಯಿತ್ತು. ಮರುದಿನ ಬಿಟ್ಟರೆ ಪೆಟ್ಟಿಗೆ ಹೊಸದೇನೋ ಎಂಬಂತೆ ಆರಾಮಾಗಿ ಓಡಾಡಿದವು. ಇದನ್ನು ಓದಿದಾಗ ಲೆಕ್ಕ ಹಾಕಿದೆ. ಅಪ್ಪನ ಫೋನ್ ಮುಗಿದದ್ದು 8.28ಕ್ಕೆ, ನಾನು ಬಿದ್ದದ್ದು 8.50ಕ್ಕೆ. ಇಪ್ಪತ್ತೆರಡು ನಿಮಿಷ. ಬೈಕಿನ ಮೇಲೆ ಕೂತು ಆ ಮಾತನ್ನೇ ಯೋಚಿಸುತ್ತ ಹೋಗಿರುತ್ತೇನೆ, ಎಲ್ಲ ಚೆನ್ನಾಗಿಯೇ ನೆನಪಿದ್ದಿರಬೇಕು. ಪೆಟ್ಟು ಬಿದ್ದಾಗ ತಲೆಯೊಳಗೆ ಏನೇನು ಕೆಡುತ್ತದೆ ಎಂಬುದು ಬರೀ ಕ್ರೆಬ್‌ನ ಮಾತಲ್ಲ, ಇಡೀ ವಿದ್ಯುತ್ ವ್ಯವಸ್ಥೆಯೇ ಅಸ್ತವ್ಯಸ್ತವಾಗುತ್ತದೆ. ನನ್ನ ಕೆಲಸ ಯಾವ ಹಂತದಲ್ಲಿ ನಿಂತಿತೋ ಯಾರೂ ಇಣುಕಿ ನೋಡಿಲ್ಲ. ಆದರೂ ಇಲಿಯ ಪೆಟ್ಟಿಗೆ ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು.

ಈ ಹುಡುಕಾಟದಲ್ಲಿ ನಾನು ನಿರೀಕ್ಷಿಸದೇ ಇದ್ದದ್ದು, ದಾರಿ ನಮ್ಮ ಬೆಂಗಳೂರಿಗೇ, ಅಲ್ಲಿಂದ ನಮ್ಮ ಗುಡ್ಡಕ್ಕೇ ಬಂದು ನಿಂತದ್ದು.

ಕ್ರೆಬ್ ಸ್ವಿಚ್ ಆನ್ ಆದ ಮೇಲೂ ಒಂದು ತೊಡಕಿದೆ. ಒಂದು ಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಎರಡು ಮೀಟರ್. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಯೇವಲಾದ ಮಗ್ಗದ ಮನೆಯಲ್ಲಿ ಕಂಡಿಕೆಗೆ ರೇಷ್ಮೆ ಸುತ್ತಿಟ್ಟದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸುತ್ತು ಸಡಿಲವಾಗದೇ ಎಳೆ ಸಿಗುವುದಿಲ್ಲ. ಸಡಿಲ ಮಾಡುವ ಕೆಲಸ ಸಿಬಿಪಿ ಎಂಬ ಇನ್ನೊಂದು ಪ್ರೋಟೀನಿನದು. ಹೆಸರಿನ ಅರ್ಥವೇ 'ಕ್ರೆಬ್‌ಗೆ ಅಂಟುವ ಪ್ರೋಟೀನ್'. ಫಾಸ್ಫೇಟ್ ಅಂಟಿದ ಕ್ರೆಬ್ ಅದನ್ನು ಕರೆದು ತರುತ್ತದೆ, ಅದು ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ಸಣ್ಣ ಗುಂಪುಗಳನ್ನು ಅಂಟಿಸಿ ಸುತ್ತು ಸಡಿಲಿಸುತ್ತದೆ, ಆಗ ಜೀನ್ ಓದಲು ಸಿಗುತ್ತದೆ. ಸಿಬಿಪಿಯ ಜೀನ್‌ನಲ್ಲಿ ದೋಷವಿದ್ದರೆ ರೂಬಿನ್‌ಸ್ಟೈನ್-ಟೇಬಿ ಎಂಬ ಕಾಯಿಲೆ ಬರುತ್ತದೆ. ಆ ಮಕ್ಕಳಿಗೆ ಹೆಬ್ಬೆರಳು ಅಗಲ, ಕಲಿಕೆ ಬಹಳ ಕಷ್ಟ. ಕಾರಣ ತಿಳಿದದ್ದು 1995ರಲ್ಲಿ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಪ್ರಯೋಗಾಲಯ ಈ ಸಿಬಿಪಿ ಮತ್ತು ಅದರ ಸಹೋದರ ಪಿ300 ಹಿಂದೆ ಬಿದ್ದಿತ್ತು. ಇವುಗಳ ಕೆಲಸ ತಗ್ಗಿಸುವ, ಹೆಚ್ಚಿಸುವ ಅಣುಗಳನ್ನು ಹುಡುಕುವಾಗ ಅವರು ನೋಡಿದ ವಸ್ತುಗಳ ಪಟ್ಟಿ ಓದಿ ನನಗೆ ನಗು ಬಂತು. 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ. 2004ರಲ್ಲಿ ಮುರುಗಲು ಹಣ್ಣಿನ ಸಿಪ್ಪೆಯ ಗಾರ್ಸಿನಾಲ್, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ಮೂರೂ ನಮ್ಮ ಮನೆಯ ಹಿಂದೆಯೇ ಇರುವಂಥವು! ಗೇರು ಮತ್ತು ಮುರುಗಲು ಗುಡ್ಡದಲ್ಲಿ, ಅರಿಶಿನ ಅಮ್ಮನ ಹಿತ್ತಲಲ್ಲಿ.

ಮೂರೂ ಆ ಪ್ರೋಟೀನಿನ ಕೆಲಸವನ್ನು ತಡೆಯುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂತು. ಅರಿಶಿನ ಹಾಲು ಕುಡಿದರೆ ನೆನಪಿನ ಶಕ್ತಿ ದುಪ್ಪಟ್ಟು ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ನನ್ನ ಸೋದರಮಾವನಿಗೆ ಇದನ್ನು ಹೇಳಿದೆ. ಹಾಗಾದರೆ ಇನ್ನು ಕುಡಿಯಬಾರದಾ ಎಂದು ಗಾಬರಿಯಾದರು. ಗಾಜಿನ ಕೊಳವೆಯ ಮಾತು ಬೇರೆ, ಲೋಟದ ಹಾಲಿನ ಮಾತು ಬೇರೆ ಮಾವ, ಅರಿಶಿನ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದೇ ಅತ್ಯಲ್ಪ, ಧಾರಾಳ ಕುಡಿಯಿರಿ ಎಂದೆ. ಎರಡು ಕಡೆಯ ಉತ್ಪ್ರೇಕ್ಷೆಯೂ ಒಂದೇ ಥರದ್ದು.

ಸ್ವಾರಸ್ಯ ಇರುವುದು ಗೇರಿನಲ್ಲಿ. ಅನಕಾರ್ಡಿಕ್ ಆಮ್ಲವನ್ನೇ ಮೂಲವಾಗಿಟ್ಟುಕೊಂಡು, ಅದರ ರಚನೆಯನ್ನು ಅಲ್ಲಲ್ಲಿ ಬದಲಿಸಿದಾಗ ತಡೆಯುವ ಬದಲು ಪಿ300ಯ ಕೆಲಸವನ್ನು ಹೆಚ್ಚಿಸುವ ಅಣು ಅವರಿಗೆ ಸಿಕ್ಕಿತು. ಆದರೆ ಅದು ಕೋಶದೊಳಗೆ ಹೋಗುತ್ತಿರಲಿಲ್ಲ. ಅದಕ್ಕೆ ಗ್ಲೂಕೋಸಿನಿಂದ ಮಾಡಿದ ಇಂಗಾಲದ ಅತಿ ಸೂಕ್ಷ್ಮ ಗೋಲಿಗಳ ಮೇಲೆ ಅಣುವನ್ನು ಕೂರಿಸಿದರು. ಮುಂದೆ ಅದೇ ವಂಶದ ಟಿಟಿಕೆ21 ಎಂಬ ಅಣುವನ್ನು ಹೀಗೆ ಹೊರಿಸಿ ಇಲಿಗಳಿಗೆ ಚುಚ್ಚಿದಾಗ ಅದು ರಕ್ತದಿಂದ ಮೆದುಳಿಗೂ ತಲುಪಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಆನ್-ಲಾರೆನ್ಸ್ ಬೂಟಿಲಿಯೇ ಅವರ ತಂಡದೊಂದಿಗೆ 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಆ ಇಲಿಗಳು ನೀರಿನ ತೊಟ್ಟಿಯಲ್ಲಿ ಕಲಿತ ದಾರಿಯನ್ನು ಉಳಿದವಕ್ಕಿಂತ ಹೆಚ್ಚು ಕಾಲ ನೆನಪಿಟ್ಟುಕೊಂಡವು. 2018ರಲ್ಲಿ ಅಲ್ಜೈಮರ್ ಹೋಲುವ ದೋಷವಿದ್ದ ಇಲಿಗಳಲ್ಲಿ ಕಳೆದ ಕಲಿಕೆಯ ಶಕ್ತಿ ಮರಳಿತು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗುಂಪು ಬೆನ್ನುಹುರಿ ಪೆಟ್ಟಾದ ಪ್ರಾಣಿಗಳಲ್ಲಿ ಇದನ್ನೇ ಬಳಸಿ, ನರಗಳು ಮತ್ತೆ ಬೆಳೆಯುವುದನ್ನು ತೋರಿಸಿತು. ಇವೆಲ್ಲ ಇಲಿ-ಹೆಗ್ಗಣಗಳ ಮಾತು. ಔಷಧದ ಅಂಗಡಿಯಲ್ಲಿ ಕೇಳಬೇಡಿ, ಮಾತ್ರೆಯಾಗಿ ಬಂದಿಲ್ಲ. ಈ ಕ್ಷೇತ್ರದಲ್ಲಿ ಆತುರ ಒಳ್ಳೆಯದಲ್ಲ ಎಂಬುದಕ್ಕೆ ಉದಾಹರಣೆಯೂ ಇದೆ. 1995ರಲ್ಲಿ ಕ್ರೆಬ್ ಹೆಚ್ಚಿಸಿದ ಹಣ್ಣು ನೊಣಗಳಿಗೆ ಫೋಟೋ ತೆಗೆದಂಥ ನೆನಪು ಬಂತು ಎಂದು ದೊಡ್ಡ ಸುದ್ದಿಯಾಗಿತ್ತು. 2004ರಲ್ಲಿ ನೋಡಿದರೆ ಆ ನೊಣಗಳಿಗೆ ಹಾಕಿದ್ದ ಜೀನ್‌ನಲ್ಲೇ ಒಂದು ತಪ್ಪಿತ್ತು, ಪ್ರಯೋಗ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೆಮೋದಲ್ಲಿ ಓಡಿತ್ತು, ಪ್ರೊಡಕ್ಷನ್‌ನಲ್ಲಿ ಓಡಲಿಲ್ಲ.

ಚಿಕ್ಕವನಿದ್ದಾಗ ಹಸಿ ಗೇರುಬೀಜ ಕಚ್ಚಿ ಆ ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟುಕೊಂಡಿದ್ದೆ. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದ್ದು, ಅವಳ ಕೈಯ ಹೊಗೆ ವಾಸನೆ, ಎಲ್ಲ ಮೂವತ್ತು ವರ್ಷದ ಮೇಲೂ ಹಾಗೇ ಇದೆ. ಯೇವಲಾದ ಟಪರಿ ಮಾತ್ರ ಇಲ್ಲ. ಯಾಕೆ ಇದು ಉಳಿದು ಅದು ಹೋಯಿತು? ಟೊರಾಂಟೊದ ಶೀನಾ ಜೋಸೆಲಿನ್ ತಂಡ 2007ರಲ್ಲಿ ತೋರಿಸಿದ್ದನ್ನು ನೋಡಿದರೆ, ಒಂದು ಅನುಭವವಾದಾಗ ಸುತ್ತಲಿನ ಎಲ್ಲ ನರಕೋಶಗಳೂ ಅದನ್ನು ಹಿಡಿದುಕೊಳ್ಳುವುದಿಲ್ಲ. ಆ ಹೊತ್ತಿಗೆ ಯಾವ ಕೋಶಗಳಲ್ಲಿ ಕ್ರೆಬ್ ಹೆಚ್ಚಿರುತ್ತದೋ ಅವು ಮುಂದೆ ನುಗ್ಗಿ ನೆನಪನ್ನು ವಹಿಸಿಕೊಳ್ಳುತ್ತವೆ. ಎರಡು ವರ್ಷದ ನಂತರ ಆ ಕೋಶಗಳನ್ನಷ್ಟೇ ನಾಶ ಮಾಡಿದಾಗ ಆ ಭಯದ ನೆನಪೇ ಹೋಯಿತು.

ಆದರೆ ಡೇಟಾಬೇಸಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ನನಗೆ ತಲೆನೋವಾದದ್ದು ಅಲ್ಲೇ. ಡಿಸ್ಕಿನಲ್ಲಿ ಬರೆದದ್ದನ್ನು ಎಷ್ಟು ಸಲ ಓದಿದರೂ ಅದು ಬದಲಾಗದು. ಮೆದುಳಿನಲ್ಲಿ ಹಾಗಲ್ಲ. 2000ದಲ್ಲಿ ಕರೀಂ ನಾದೆರ್ ಮತ್ತು ಸಂಗಡಿಗರು, ಗಟ್ಟಿಯಾದ ನೆನಪನ್ನೂ ಒಮ್ಮೆ ಕೆದಕಿದರೆ ಅದು ಮತ್ತೆ ಮೆತ್ತಗಾಗುತ್ತದೆ, ಮತ್ತೆ ಹೊಸ ಪ್ರೋಟೀನ್ ಸುರಿದು ಗಟ್ಟಿ ಮಾಡಬೇಕಾಗುತ್ತದೆ ಎಂದು ತೋರಿಸಿದರು. ನೆನೆಯುವುದು ಎಂದರೆ ಫೈಲ್ ತೆರೆದು ಮತ್ತೆ ಸೇವ್ ಮಾಡಿದಂತೆ. ಸೇವ್ ಮಾಡುವಾಗ ಅಕ್ಷರ ಹೆಚ್ಚುಕಡಿಮೆಯಾಗಬಹುದು.

ಈಗ ನನಗೆ ಆ ಟಪರಿ ಕಾಣಿಸುತ್ತದೆ. ಬೇವಿನ ಮರದ ಕೆಳಗೆ ನೀಲಿ ಬೆಂಚು, ಬಲಗಿವಿಗೆ ಫೋನು, ಅಪ್ಪ ಮಾತಾಡುತ್ತಿದ್ದಾರೆ. ಇದು ನನ್ನದೇ ನೆನಪೋ, ಅಪ್ಪ ಹತ್ತು ಸಲ ಹೇಳಿದ್ದರಿಂದ ಕಟ್ಟಿಕೊಂಡದ್ದೋ? ಮುಂದಿನ ಸಲ ಕಾರಿನಲ್ಲಿ ಹೋಗುವಾಗ ಹುಡುಕಿ ನಿಲ್ಲಿಸಿದೆ. ಯುಪಿಐನ ಹೆಸರು ತಾಳೆಯಾಯಿತು. ಬೇವಿನ ಮರ ಇರಲಿಲ್ಲ, ತಗಡಿನ ಚಪ್ಪರ ಇತ್ತು. ಬೆಂಚು ಇತ್ತು, ನೀಲಿಯಲ್ಲ. ಅಂಗಡಿಯವನಿಗೆ ನನ್ನ ಗುರುತು ಹತ್ತಲಿಲ್ಲ. ದಿನಕ್ಕೆ ಇನ್ನೂರು ಜನ ಬರುತ್ತಾರೆ ಭಾವೂ, ಯಾರನ್ನು ನೆನಪಿಟ್ಟುಕೊಳ್ಳಲಿ ಎಂದ.

ದೀಪಾವಳಿಗೆ ಊರಿಗೆ ಹೋದೆವು. ನಾನೂ ಅಪ್ಪನೂ ಗುಡ್ಡ ಹತ್ತಿದೆವು. ಅವರಿಗೆ ಏದುಸಿರು. ಎರಡು ಕಡೆ ಕೂತು ಕೂತು ಹೋದೆವು. ಗೇರು ಕೊಯ್ಯಲು ಜನ ಸಿಗುವುದಿಲ್ಲ, ಮಂಗಗಳ ಕಾಟ, ಬೇಲಿ ಹಾಕಿಸಲು ತಮ್ಮಿಂದಾಗದು ಎಂದು ಹೇಳುತ್ತ ಹೋದರು. ಆಮೇಲೆ ಫೋನಿನ ಮಾತು ತೆಗೆದರು. ಈ ಸಲ ಒಂದು ಹೊಸ ಸಂಗತಿ ಸೇರಿತ್ತು: 'ಮುರುಗಲು ಮರ ಇರೋ ಮೂಲೆ ಒಂದು ಬಿಟ್ಟುಕೊಡಬೇಡಿ ಅಪ್ಪ ಅಂತ ನೀನು ಆ ದಿನ ಹೇಳಿದ್ದೆ.' ಹಿಂದಿನ ಹತ್ತು ಸಲ ಇದನ್ನು ಹೇಳಿರಲಿಲ್ಲ. ಅಪ್ಪನಿಗೆ ಈಗ ನೆನಪಾಯಿತೋ, ಮಗನ ಮುಖ ನೋಡಿ ಆ ಕ್ಷಣ ಸೇರಿಕೊಂಡಿತೋ, ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲ. ಹೌದಪ್ಪ, ಹೇಳಿದ್ದೆ ಅಂದೆ.

ಮುರುಗಲು ಮರದ ಎಂಟು ಗುಂಟೆ ಬಿಟ್ಟು ಉಳಿದದ್ದಕ್ಕೆ ಡಿಸೆಂಬರಿನಲ್ಲಿ ಸಹಿ ಹಾಕಿದೆ. ಈಗ ಅಪ್ಪನ ಜೊತೆ ಯಾವುದೇ ವ್ಯವಹಾರದ ಮಾತಾದ ಮೇಲೆ, ಏನು ಮಾತಾಯಿತು ಎಂದು ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಅವರು ಓದಿ ಒಂದು ಹೆಬ್ಬೆರಳು ಕಳಿಸುತ್ತಾರೆ. ಮೊನ್ನೆ ಮಾತ್ರ ಹೆಬ್ಬೆರಳಿನ ಬದಲು ಧ್ವನಿ ಸಂದೇಶ ಬಂತು. ಮೂರನೇ ಸಾಲು ಬಿಟ್ಟಿದ್ದೆನಂತೆ. ಮಳೆಗಾಲದ ಮೊದಲು ಬಂದು ಮುರುಗಲು ಕೊಯ್ಯುತ್ತೇನೆ ಎಂದು ಹೇಳಿದ್ದೆನಂತೆ, ಅದನ್ನು ಬರೆದಿಲ್ಲ ಎಂದು ಅವರ ತಕರಾರು.